ಮಂಗಳಮ್ಮನ ಮೂಗೂ ಚೆಲುವಯ್ಯನ ದೇವದಾರೂ

ಆ ಕಾಲದ ಮೈಸೂರಿನಲ್ಲಿ ಎಲ್ಲೇ ನಿಂತರೂ ಮರೆಯಲಾಗದಂಥವು ಮೂರಿದ್ದವು: ಚಾಮುಂಡಿ ಬೆಟ್ಟ, ದೊಡ್ಡ ಗಡಿಯಾರ, ಮಂಗಳಮ್ಮನ ಮೂಗು. ಮೊದಲ ಎರಡನ್ನು ಅಳೆದವರಿದ್ದರು. ಮೂರನೆಯದನ್ನು ಅಳೆಯುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ನೋಡುವುದಕ್ಕೆ ಅದೊಂದು ಸಾಧಾರಣ ಮೂಗು. ಎಡಹೊಳ್ಳೆಯ ಮೇಲೆ ಒಂದು ಮೂಗುಬಟ್ಟು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ನೋಡುವ ಸ್ವಭಾವ, ಅಷ್ಟೇ. ಆದರೆ ಅದರ ಪರಾಕ್ರಮದ ಕಥೆಗಳು ದೇವರಾಜ ಮೊಹಲ್ಲಾದಲ್ಲಿ ಹುಟ್ಟಿ, ಮಂಡಿ ಮೊಹಲ್ಲಾದಲ್ಲಿ ಬೆಳೆದು, ಅಶೋಕಪುರಂ ತಲುಪುವಷ್ಟರಲ್ಲಿ ಪುರಾಣಗಳಾಗುತ್ತಿದ್ದವು. ಮಂಗಳಮ್ಮ ಚಿಕ್ಕ ಗಡಿಯಾರದ ಕೆಳಗೆ ನಿಂತು ಗಾಳಿ ಎಳೆದರೆ ಯಾವ ಬೀದಿಯ ಯಾವ ಮನೆಯಲ್ಲಿ ಹುಳಿ ಸೀದಿದೆ ಎಂದು ಹೇಳಬಲ್ಲಳಂತೆ. ಅಂಚೆಯವನು ಕೊಟ್ಟ ಕಾರ್ಡನ್ನು ಮೂಸಿಯೇ ಒಳಗಿರುವುದು ಮದುವೆಯೋ ಜಗಳವೋ ತಿಳಿಯುತ್ತಿತ್ತಂತೆ. ದಸರಾ ಆನೆಗಳು ನೀರಿಗೆ ಹೋಗುವಾಗ ಅವಳು ಎದುರಾದರೆ, ತಮ್ಮದೇ ಕಸುಬಿನ ಹಿರಿಯರನ್ನು ಕಂಡಂತೆ ಸೊಂಡಿಲೆತ್ತುತ್ತಿದ್ದವಂತೆ.

ನಿಜವಾಗಿ ಇದ್ದದ್ದು ಇಷ್ಟು: ಏನನ್ನು ಕೈಗೆ ತೆಗೆದುಕೊಂಡರೂ ಮೊದಲು ಮೂಸುವ ಚಾಳಿ ಅವಳಿಗೆ. ಸೊಪ್ಪು, ಸೀರೆ, ಕೂಸು, ಕೊಡೆ, ದೇವಸ್ಥಾನದ ತೀರ್ಥ, ಎಲ್ಲಕ್ಕೂ ಒಂದೇ ನ್ಯಾಯ. ಹೆಣ್ಣು ನೋಡಲು ವರುಣದ ಹತ್ತಿರದ ಅವಳ ಹಳ್ಳಿಗೆ ಬಂದಿದ್ದ ಟಾಂಗಾ ಜವರಯ್ಯ ಪ್ರೀತಿಯಿಂದ ಒಂದು ಮೊಳ ಮಲ್ಲಿಗೆ ತಂದಿದ್ದ. ಹುಡುಗಿ ತಲೆ ತಗ್ಗಿಸಿಯೇ ಅದನ್ನು ಈಸಿಕೊಂಡು, ತಲೆ ತಗ್ಗಿಸಿಯೇ ಮೂಸಿ, ತಲೆ ತಗ್ಗಿಸಿಯೇ "ನೆನ್ನೇದು" ಎಂದಿದ್ದಳು. ಆದರೂ ಮದುವೆಯಾಯಿತು. ಇಷ್ಟು ನಿಜ ಹೇಳುವವಳು ಮನೆಯಲ್ಲಿದ್ದರೆ ಹಾಲಿನವನಾದರೂ ಹೆದರಿಕೊಂಡಿರುತ್ತಾನೆ ಎಂಬುದು ಜವರಯ್ಯನ ಲೆಕ್ಕಾಚಾರ. ತನ್ನ ಅಂಗಿಯಲ್ಲಿ ಬೀಡಿಯ ವಾಸನೆಯೂ ಸಿಕ್ಕೀತು ಎಂಬುದು ಅವನಿಗೆ ಆಗ ಹೊಳೆದಿರಲಿಲ್ಲ.

ಈ ಮೂಗನ್ನು ಲೋಕಕ್ಕೆ ಕೊಟ್ಟವನು ತಾನೇ ಎಂದು ಸದಾಶಿವಯ್ಯ ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದರು. ದೇವರಾಜ ಮೊಹಲ್ಲಾದಲ್ಲಿ ಅವರದು ತಂದೆಯ ಕಾಲದಿಂದ ಬಂದ ಗ್ರಂಧಿಗೆ ಅಂಗಡಿ. ಗೋಡೆಯ ತುಂಬ ಮರದ ಸೆಳೆಖಾನೆಗಳು, ಒಂದೊಂದರಲ್ಲೂ ಒಂದೊಂದು ಬೇರು, ಕಾಯಿ, ತೊಗಟೆ. ಅಷ್ಟರಲ್ಲಿ ಅವರು ಕೈಮುಗಿದು ತೆಗೆಯುತ್ತಿದ್ದದ್ದು ಒಂದೇ ಖಾನೆ, ದೇವದಾರಿನದು. ಆ ಮರವನ್ನು ಮೈಸೂರಿನಲ್ಲಿ ಯಾರೂ ಕಂಡವರಲ್ಲ. ಅದು ಹಿಮಾಲಯದಲ್ಲಿ ಸೂಜಿಯಂಥ ಎಲೆ ಹೊತ್ತು ಗೋಪುರದೆತ್ತರ ಬೆಳೆಯುತ್ತದೆಂದೂ, ವರ್ಷವಿಡೀ ಹಸಿರಾಗಿರುತ್ತದೆಂದೂ ಕೇಳಿ ಬಲ್ಲರು. ಅಲ್ಲಿಂದ ಅದು ಚಕ್ಕೆಯಾಗಿ, ಗೋಣಿಚೀಲದಲ್ಲಿ, ರೈಲಿನಲ್ಲಿ ಇಲ್ಲಿಗೆ ಬರುತ್ತಿತ್ತು. ಬಂದ ಮೇಲೆ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಶುಂಠಿ, ಹಿಪ್ಪಲಿಯ ಜೊತೆ ಕುದಿದು ಬಾಣಂತಿಯ ಕಷಾಯವಾಗಬೇಕು. ಬಿಸಿನೀರಿನಲ್ಲಿ ತೇದು ಅಜ್ಜಿಯ ಊದಿದ ಮಂಡಿಗೆ ಲೇಪವಾಗಬೇಕು. ಸಾಂಬ್ರಾಣಿಯ ಜೊತೆ ಹೊಗೆಯಾಗಿ ಮಗುವಿನ ತೊಟ್ಟಿಲ ಸುತ್ತ ಸೊಳ್ಳೆ ಓಡಿಸಬೇಕು. ಅದರ ಎಣ್ಣೆ ಟಾಂಗಾ ಕುದುರೆಗಳ ಕಜ್ಜಿಗೆ ಬೇಕು. ಹೀಗೆ ಒಂದೇ ಮರ ಬಾಣಂತಿಯಿಂದ ಕುದುರೆಯ ತನಕ ಎಲ್ಲರ ಸೇವೆಗೂ ನಿಂತಿತ್ತು.

ಮಂಗಳಮ್ಮ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಕುದುರೆಯ ದೆಸೆಯಿಂದಲೇ. ಸಾವಿರದ ಒಂಬೈನೂರ ನಲವತ್ತೇಳರ ಅಕ್ಟೋಬರ್. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಬೇಕೆಂದು ಚಳವಳಿ ನಡೆದಿತ್ತು, ಅಂಗಡಿಯವರು ಅರ್ಧ ಬಾಗಿಲು ಹಾಕಿಕೊಂಡು ವ್ಯಾಪಾರ ಮಾಡುತ್ತಿದ್ದರು. ಆ ಅರ್ಧ ಬಾಗಿಲಿನಿಂದ ಒಳಗೆ ತೂರಿ ಬಂದ ಮಂಗಳಮ್ಮ ದೇವದಾರೆಣ್ಣೆ ಕೇಳಿದಳು. ಸದಾಶಿವಯ್ಯ ಡಬ್ಬಿಯಿಂದ ಶೀಸೆಗೆ ಸುರಿದು ಕೊಟ್ಟರು. ಅವಳು ಮೂಸಿದಳು. ವಾಪಸು ಇಟ್ಟಳು.

"ಇದ್ರಲ್ಲಿ ಹೊಂಗೆಣ್ಣೆ ಬೆರ್ಸವ್ರೆ ಕಣ್ರೀ ಯಜಮಾನ್ರೇ."

ಸದಾಶಿವಯ್ಯನವರ ಹಣೆಯ ವಿಭೂತಿ ಮೂರು ಗೆರೆಯಿಂದ ಆರು ಗೆರೆಯಾಯಿತು. "ಏನಮ್ಮಾ ಮಾತು ಆಡ್ತೀಯ? ನಮ್ಮ ತಂದೆ ಕಾಲದಿಂದ ಇದೇ ಡಬ್ಬಿ, ಇದೇ ಎಣ್ಣೆ!"

"ಹಂಗಾದ್ರೆ ನಿಮ್ಮ ತಂದೇರ ಕಾಲ್ದಿಂದ್ಲೂ ಬೆರ್ಸವ್ರೆ ಬುಡಿ."

ಅವಳು ಹೊರಟುಹೋದಳು. ಸದಾಶಿವಯ್ಯ ಮೂರು ದಿನ ಆ ಮಾತನ್ನು ಊಟದ ಜೊತೆ ನುಂಗಿದರು, ಅರಗಲಿಲ್ಲ. ನಾಲ್ಕನೆಯ ದಿನ ಎಣ್ಣೆ ತಂದುಕೊಡುವವನನ್ನು ಕೂರಿಸಿಕೊಂಡು ವಿಚಾರಿಸಿದರೆ, ಅವನು ಮೊದಲು ದೇವರ ಆಣೆ ಇಟ್ಟ, ಆಮೇಲೆ ಮಕ್ಕಳ ಆಣೆ ಇಟ್ಟ, ಕೊನೆಗೆ "ಸ್ವಲ್ಪವೇ ಸ್ವಾಮಿ, ತೆಳುವಾಗಲಿ ಅಂತ" ಎಂದ. ಸದಾಶಿವಯ್ಯ ಮಂಡಿ ಮೊಹಲ್ಲಾದ ಟಾಂಗಾ ಸ್ಟ್ಯಾಂಡಿಗೆ ಹೋಗಿ, ಸಾಲಾಗಿ ನಿಂತಿದ್ದ ಕುದುರೆಗಳಲ್ಲಿ ಅತಿ ಹೆಚ್ಚು ಕಜ್ಜಿ ಇದ್ದದ್ದನ್ನು ಗುರುತು ಹಿಡಿದು, ಅದರ ಪಕ್ಕದಲ್ಲಿ ಕೂತಿದ್ದ ಜವರಯ್ಯನನ್ನು ಮಾತಾಡಿಸಿದರು.

"ನಿಮ್ಮ ಮನೆಯವರು ನಮ್ಮ ಅಂಗಡಿಗೆ ಕೆಲಸಕ್ಕೆ ಬರ್ತಾರೇನಪ್ಪಾ?"

"ಕರ್ಕೊಂಡೋಗಿ ಸ್ವಾಮಿ," ಎಂದ ಜವರಯ್ಯ, "ಹಗಲೊತ್ತಾದ್ರೂ ನನ್ನ ಅಂಗಿ ನೆಮ್ಮದಿಯಾಗಿರ್ತದೆ."

ಅಂದಿನಿಂದ ಅಂಗಡಿಯ ಹಿಂದಿನ ಅಂಗಳ ಮಂಗಳಮ್ಮನ ರಾಜ್ಯವಾಯಿತು. ಬಾಚಿಯಿಂದ ಕೆತ್ತುವುದು, ಒರಳಿಗೆ ಹಾಕಿ ಕುಟ್ಟುವುದು, ವಸ್ತ್ರದಲ್ಲಿ ಸೋಸುವುದು ಅವಳ ಕೆಲಸ. ಆದರೆ ಅದಕ್ಕಿಂತ ಮೊದಲು ಒಂದು ಶಾಸ್ತ್ರವಿತ್ತು. ಹೊಸ ಮಾಲು ಬಂದರೆ ಚೀಲದ ಬಾಯಿ ಬಿಚ್ಚಿ ಅಂಗಳದಲ್ಲಿಡಬೇಕು. ಮಂಗಳಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಮೂರು ಕಡೆಯಿಂದ ಮೂರು ಚಕ್ಕೆ ತೆಗೆದು ಮೂಸಬೇಕು. "ಹೂಂ" ಎಂದರೆ ಮಾಲು ಒಳಗೆ. "ಹೂಂಹೂಂ" ಎಂದರೆ ಬಂದ ಗಾಡಿಯಲ್ಲೇ ವಾಪಸು. ಅವಳು ಅದರ ಮೇಲೆ ಒಂದು ಮಾತೂ ಆಡುತ್ತಿರಲಿಲ್ಲ, ಸದಾಶಿವಯ್ಯನವರೂ ಕೇಳುತ್ತಿರಲಿಲ್ಲ.

ಈ ಶಾಸ್ತ್ರಕ್ಕೆ ಕಷ್ಟಕಾಲವೂ ಬಂತು. ದೇಶ ಎರಡಾದ ಗಲಭೆಯಲ್ಲಿ ಪಂಜಾಬಿನ ಕಡೆಯ ರೈಲುಗಳು ನಿಂತವು. ಅವುಗಳ ಜೊತೆ ದೇವದಾರೂ ನಿಂತಿತು. ಅಲ್ಲಿ ಮನುಷ್ಯರೇ ಊರು ಬಿಟ್ಟು ಓಡುತ್ತಿದ್ದಾಗ ಚಕ್ಕೆಯನ್ನು ಕಟ್ಟಿ ಕಳಿಸುವವರು ಯಾರು? ಊರಿನ ಗ್ರಂಧಿಗೆ ಅಂಗಡಿಗಳವರು ಕೈಗೆ ಸಿಕ್ಕ ಕಟ್ಟಿಗೆಗೆಲ್ಲ ದೇವದಾರೆಂದು ನಾಮಕರಣ ಮಾಡಿದರು. ಸದಾಶಿವಯ್ಯನವರ ಅಂಗಳಕ್ಕೂ ಎಂಟು ಚೀಲ ಬಂದವು, ಎಂಟೂ "ಹೂಂಹೂಂ" ಎನ್ನಿಸಿಕೊಂಡು ಹೋದವು. ಒಂದು ವರ್ಷ ಅಂಗಡಿಯ ಮುಂದೆ "ದೇವದಾರು ಇಲ್ಲ" ಎಂಬ ಹಲಗೆ ತೂಗಾಡಿತು. ಅದನ್ನು ನೋಡಿದಾಗಲೆಲ್ಲ ಸದಾಶಿವಯ್ಯನವರಿಗೆ ಮನೆಯಲ್ಲಿ ಯಾರೋ ತೀರಿಹೋದಂತೆ ಆಗುತ್ತಿತ್ತು. ಆದರೆ ಆ ಹಲಗೆಯೇ ಅವರನ್ನು ಕಾಯಿತು. ಇಲ್ಲದಾಗ ಇಲ್ಲ ಎಂದ ಅಂಗಡಿ ಇದೆ ಎಂದಾಗ ಇದ್ದೇ ಇರುತ್ತದೆ ಎಂಬ ನಂಬಿಕೆ ಹೆಂಗಸರಲ್ಲಿ ಹಬ್ಬಿತು. ಹೊಸ ಮಾಲು ಬಂದ ಮೇಲೆ ನಂಜನಗೂಡು, ತಿರುಮಕೂಡಲಿನಿಂದೆಲ್ಲ ಬಾಣಂತಿಯರ ತಾಯಂದಿರು ಬಸ್ಸಿನಲ್ಲಿ ಬಂದು, "ಮಂಗಳಮ್ಮ ಮೂಸಿದ್ದೇ ಕೊಡಿ" ಎಂದು ಕೇಳತೊಡಗಿದರು.

ಹೀಗೆ ಹತ್ತು ವರ್ಷ. ಐವತ್ತೇಳರ ಬೇಸಗೆಯಲ್ಲಿ ಮಂಡಿ ಮೊಹಲ್ಲಾದಲ್ಲಿ ಚೆಲುವಯ್ಯ ಉದಯವಾದರು. ಸಗಟು ವ್ಯಾಪಾರಿ, ಮುಚ್ಚುಕೊರಳಿನ ಬಿಳಿ ಕೋಟು, ಮಾತು ಬೆಲ್ಲದ ಪಾಕ. ಅವರಲ್ಲಿ ದೇವದಾರು ಅರ್ಧ ಬೆಲೆಗೆ ಸಿಗುತ್ತಿತ್ತು. ಊರಿನ ಆರು ಅಂಗಡಿಗಳವರು ಆಗಲೇ ಕೊಂಡಿದ್ದರು. ಸಾಲದ್ದಕ್ಕೆ ಚನ್ನಬಸವಯ್ಯ ಪಂಡಿತರ ಕೈಬರಹವೂ ಇತ್ತು: "ಈ ಮಾಲು ಪರೀಕ್ಷಿಸಲ್ಪಟ್ಟಿದ್ದು ಶುದ್ಧ ದೇವದಾರೆಂದು ದೃಢೀಕರಿಸಿದೆ." ಚನ್ನಬಸವಯ್ಯನವರೆಂದರೆ ನಾಡಿ ಹಿಡಿದು ಹಿಂದಿನ ದಿನ ಏನು ತಿಂದಿರೆಂದು ಹೇಳುವ ಪಂಡಿತರು. ಅವರು ರುಜು ಹಾಕಿದ ಮೇಲೆ ಅದನ್ನು ಇನ್ನೊಮ್ಮೆ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಯಾರೂ ನೋಡಲಿಲ್ಲ.

ಚೆಲುವಯ್ಯ ಸ್ವತಃ ಒಂದು ಚೀಲವನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಸದಾಶಿವಯ್ಯನವರ ಅಂಗಳಕ್ಕೆ ಬಂದರು. ಮಂಗಳಮ್ಮ ಕೈ ತೊಳೆದಳು, ಒರೆಸಿಕೊಂಡಳು, ಮೂರು ಚಕ್ಕೆ ಮೂಸಿದಳು. ಎಂದಿಲ್ಲದೆ ನಾಲ್ಕನೆಯದನ್ನೂ ಮೂಸಿದಳು. ಚೀಲಕ್ಕೆ ಬೆನ್ನು ಕೊಟ್ಟು ನೂಕಿ ಬೀದಿಗೆ ತಂದು ನಿಲ್ಲಿಸಿದಳು.

"ಇದು ಮರವಾಗಿ ಹುಟ್ಟಿರೋದು ದಿಟ," ಎಂದಳು. "ಅದಕ್ಕಿಂತ ಜಾಸ್ತಿ ಏನೂ ಹೇಳಕ್ಕಾಗಕಿಲ್ಲ."

ಬೀದಿ ನಕ್ಕಿತು. ಚೆಲುವಯ್ಯನವರ ಪಾಕ ಹದ ಕೆಟ್ಟು ಕಹಿಯಾಯಿತು. "ಯಜಮಾನ್ರೇ, ಪಂಡಿತರ ರುಜು ದೊಡ್ಡದೋ, ಕುಟ್ಟೋ ಹೆಂಗಸಿನ ಮೂಗು ದೊಡ್ಡದೋ?"

"ಸೀಳಿ ನೋಡಿದ್ರೆ ಗೊತ್ತಾಗ್ತದಲ್ಲ, ಬಾಚಿ ತರ್ಲಾ?" ಎಂದಳು ಮಂಗಳಮ್ಮ.

"ಪಂಡಿತರು ಬರೆದುಕೊಟ್ಟ ಮಾಲನ್ನ ಬೀದೀಲಿ ಬಾಚಿ ಹಾಕಿ ಸೀಳ್ತಾಳಂತೆ! ಕೇಳಿದ್ರಾ?"

ಸದಾಶಿವಯ್ಯ ಕೇಳಿಸಿಕೊಂಡರು, ಆದರೆ ಬಾಚಿ ತರಿಸಲಿಲ್ಲ. ಚನ್ನಬಸವಯ್ಯನವರು ಅವರ ಮನೆಗೂ ಮದ್ದು ಕೊಡುವವರು. ಮಗಳು ಪ್ರೇಮಲೀಲಾ ಏಳು ತಿಂಗಳ ಬಸುರಿಯಾಗಿ ತೌರಿಗೆ ಬಂದಿದ್ದಳು. ಪಂಡಿತರ ಮುಖ ಮುರಿಯುವ ಕಾಲವೇ ಅದು? ಅವರು ಸುಮ್ಮನಿದ್ದದ್ದೇ ತಪ್ಪಾಯಿತು. ಸಂಜೆಯಷ್ಟರಲ್ಲಿ ವಿಷಯ ಗ್ರಂಧಿಗೆ ವರ್ತಕರ ಸಂಘದ ಮುಂದೆ ಹೋಯಿತು.

ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿ ತೀರ್ಮಾನ ಓದಿದರು. ಮುಂದಿನ ಭಾನುವಾರ ಬೆಳಿಗ್ಗೆ ಛತ್ರದಲ್ಲಿ ಪರೀಕ್ಷೆ. ಮೂರು ತಟ್ಟೆ: ಒಂದರಲ್ಲಿ ಪಂಡಿತರ ಮದ್ದಿನ ಪೆಟ್ಟಿಗೆಯ ದೇವದಾರು, ಒಂದರಲ್ಲಿ ಸದಾಶಿವಯ್ಯನವರದು, ಒಂದರಲ್ಲಿ ಚೆಲುವಯ್ಯನವರದು. ಮಂಗಳಮ್ಮ ತಾನು ಬೀದಿಗೆ ನೂಕಿದ್ದು ಯಾವುದೆಂದು ಹೇಳಬೇಕು. ಹೇಳಿದರೆ ಚೆಲುವಯ್ಯ ತಮ್ಮ ದೇವದಾರನ್ನು ಊರಿನ ಎಲ್ಲ ಅಂಗಡಿಗಳಿಂದ ವಾಪಸು ಪಡೆಯತಕ್ಕದ್ದು. ತಪ್ಪಿದರೆ ಮಂಗಳಮ್ಮ ಸದಾಶಿವಯ್ಯನವರ ಅಂಗಳಕ್ಕೆ ಮತ್ತೆ ಕಾಲಿಡಕೂಡದು, ಮೂಸುವ ಶಾಸ್ತ್ರ ನಿಲ್ಲತಕ್ಕದ್ದು, ಸದಾಶಿವಯ್ಯ ಚೆಲುವಯ್ಯನವರ ಮಾಲನ್ನೇ ಮಾರತಕ್ಕದ್ದು.

"ಕಣ್ಣು ಕಟ್ಟಬೇಕು," ಎಂದು ಚೆಲುವಯ್ಯ ಸೇರಿಸಿದರು. "ಮೂಗೇ ತಾನೇ ಇವರ ಬ್ರಹ್ಮಾಸ್ತ್ರ?"

"ಕಟ್ಟಲಿ," ಎಂದರು ಸದಾಶಿವಯ್ಯ. ಮಂಗಳಮ್ಮನ ಮೂಗಿನ ಮೇಲೆ ಅವರಿಗಿದ್ದ ನಂಬಿಕೆ ನಂಜುಂಡೇಶ್ವರನ ಮೇಲಿದ್ದುದಕ್ಕಿಂತ ಒಂದು ಗುಲಗಂಜಿಯಷ್ಟೇ ಕಡಿಮೆ.

ಅದು ಆಷಾಢ. ಪರೀಕ್ಷೆಗೆ ಎರಡು ದಿನ ಮುಂಚೆ ಶುಕ್ರವಾರ. ಮಂಗಳಮ್ಮ ಗೆಲುವು ಬೇಡಿಕೊಳ್ಳಲು ಸಾವಿರ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋದಳು. ಜಿಟಿಜಿಟಿ ಮಳೆ, ಬೀಸುಗಾಳಿ, ಮೈಲುದ್ದದ ಸಾಲು. ತಾಯಿಗೆ ಕೈಮುಗಿದು ಗೆಲುವು ಕೇಳಿದಳು. ಇಳಿದು ಬರುವಾಗ ಗೆಲುವಿನ ಮಾತು ಹೇಗೋ ಏನೋ, ನೆಗಡಿ ಮಾತ್ರ ಖಚಿತವಾಗಿ ಜೊತೆಗೆ ಬಂತು.

ಭಾನುವಾರ ಬೆಳಿಗ್ಗೆ ಅವಳು ಸದಾಶಿವಯ್ಯನವರ ಮನೆಯ ಬಾಗಿಲಲ್ಲಿ ನಿಂತು "ಯಜಬಾಡ್ರೇ" ಎಂದು ಕರೆದಳು. ಅವರು ದೇವರ ಮನೆಗೆ ಓಡಿಹೋಗಿ ಒಂದು ಕರ್ಪೂರದ ಬಿಲ್ಲೆ ತಂದು ಅವಳ ಮೂಗಿಗೆ ಹಿಡಿದರು.

"ಏನು ವಾಸನೆ ಹೇಳು."

ಮಂಗಳಮ್ಮ ಶಕ್ತಿಯಿದ್ದಷ್ಟೂ ಎಳೆದಳು. ಆಮೇಲೆ ಕಣ್ಣು ಬಿಟ್ಟು ನೋಡಿ, "ಬೆಳ್ಳಗದೆ," ಎಂದಳು.

ಸದಾಶಿವಯ್ಯ ಅಲ್ಲೇ ಕಂಬ ಹಿಡಿದು ಕೂತರು. ಅವರ ಹೆಂಡತಿ ಗಿರಿಜಾಂಬಾ ಮಾತ್ರ ಕೂರುವ ಪೈಕಿಯಲ್ಲ. ಸೆರಗು ಸಿಕ್ಕಿಸಿ ಯುದ್ಧಕ್ಕಿಳಿದರು. ಮೊದಲು ಮೆಣಸಿನ ಕಷಾಯ, ಮೂಗು ಕದಲಲಿಲ್ಲ. ಓಮಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಕಣ್ಣಲ್ಲಿ ನೀರು ಬಂತು, ಮೂಗಿನಲ್ಲಿ ಗಾಳಿ ಹೋಗಲಿಲ್ಲ. ತಲೆಗೆ ಕಂಬಳಿ ಮುಚ್ಚಿ ಕುದಿಯುವ ನೀರಿನ ಹಬೆ ಹಿಡಿಸಿದರು. ಒಳಗಿಂದ "ಬೆಂದೋದೆ ಕಣವ್ವಾ" ಎಂಬ ಕೂಗು ಬಂತು, ಮೂಗು ಬರಲಿಲ್ಲ. ಕೊನೆಗೆ ಸದಾಶಿವಯ್ಯ ಗುಟ್ಟಾಗಿ ಸೇದುತ್ತಿದ್ದ ನಶ್ಯದ ಡಬ್ಬಿಯನ್ನು ಗಿರಿಜಾಂಬಾ ಅಷ್ಟೇ ಗುಟ್ಟಾಗಿ ಅದು ಇದ್ದ ಜಾಗದಿಂದಲೇ ತಂದರು. ಒಂದು ಚಿಟಿಕೆ ಏರಿಸಿದ್ದೇ ಮಂಗಳಮ್ಮ ಹದಿನಾಲ್ಕು ಸೀನು ಸೀನಿದಳು. ಹದಿನಾಲ್ಕನೆಯದಕ್ಕೆ ಬಲಹೊಳ್ಳೆ ತೆರೆಯಿತು. ಎಲ್ಲರೂ "ಆಹಾ" ಎನ್ನುವಷ್ಟರಲ್ಲಿ ರೇಷನ್ ಅಂಗಡಿಯ ಬಾಗಿಲಿನ ಹಾಗೆ ಮುಚ್ಚಿಕೊಂಡಿತು.

"ಒಂದು ವಾರ ಮುಂದಕ್ಕೆ ಹಾಕಿಸ್ತೀನಿ," ಎಂದರು ಸದಾಶಿವಯ್ಯ.

"ಬ್ಯಾಡಿ ಯಜಬಾಡ್ರೇ." ಮಂಗಳಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಎದ್ದಳು. "ಹೆದರ್ಕೊಂಡ್ಬುಟ್ರು ಅಂತಾರೆ. ವಾರದಲ್ಲಿ ಆರಂಗ್ಡಿಯಿಂದ ಎಷ್ಟು ಬಾಣಂತೀರ ಹೊಟ್ಟೆಗೆ ಆ ಸೌದೆ ಬೆಂದೋಗ್ತದೋ. ನಾಳೆ ನಮ್ಮ ಪ್ರೇಮಮ್ಮಂಗೂ ಅದ್ನೇ ಕುದಿಸ್ಬೇಕಾ?"

ಒಳಮನೆಯಿಂದ ಪ್ರೇಮಲೀಲಾ ಇಣುಕಿ ನೋಡಿದಳು. ಸದಾಶಿವಯ್ಯ ಪೇಟ ಸುತ್ತಿಕೊಂಡರು.

ಅವರನ್ನು ಛತ್ರಕ್ಕೆ ಕರೆದೊಯ್ದದ್ದು ಜವರಯ್ಯನ ಟಾಂಗಾ. ಅವನು ದಾರಿಯುದ್ದಕ್ಕೂ ಕುದುರೆಗೆ ಹೇಳಿದಂತೆ ಹೆಂಡತಿಗೆ ಹೇಳಿದ: "ಇಪ್ಪತ್ತೊರ್ಷ ನನ್ನಂಗಿ ಮೂಸಿ ಮೂಸಿ ಒಂದೊಂದು ಬೀಡಿನೂ ಎಣಿಸ್ದೆ. ಬೇಕಾದ ದಿನ ಕೈಕೊಡ್ತಲ್ಲ ಅಮ್ಮೀ ನಿನ್ ಮೂಗು!"

"ಬಾಯಿ ಮುಚ್ಕೊಂಡು ಗಾಡಿ ಹೊಡಿ. ಇವತ್ತೂ ಸೇದಿದ್ದೀಯ."

"ಎಂಗೆ ಗೊತ್ತಾಯ್ತು?" ಎಂದು ಜವರಯ್ಯ ಹಿಗ್ಗಿನಿಂದ ಹಿಂತಿರುಗಿದ. ಸದಾಶಿವಯ್ಯನವರಿಗೂ ಜೀವ ಬಂತು.

"ಕಿವಿ ಮೇಲೆ ಇನ್ನೊಂದು ಇಟ್ಟಿದ್ದೀಯಲ್ಲ," ಎಂದಳು ಮಂಗಳಮ್ಮ. ಬಂದ ಜೀವ ವಾಪಸು ಹೋಯಿತು.

ಛತ್ರದ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರೂ ಅಂಗಡಿಗಳವರು, ಮಾರುಕಟ್ಟೆಯ ಹೂವಿನವರು, ಟಾಂಗಾದವರು, ಬಗಲಲ್ಲಿ ಕೂಸು ಕಟ್ಟಿಕೊಂಡ ಹೆಂಗಸರು. ಎತ್ತರದ ಜಗಲಿಯ ಮೇಲೆ ಚನ್ನಬಸವಯ್ಯ ಪಂಡಿತರು ತಮ್ಮ ರುಜುವಿನ ಹಾಗೆಯೇ ನೆಟ್ಟಗೆ ಕೂತಿದ್ದರು. ಪುಟ್ಟಸ್ವಾಮಿ ಮೂರು ಹಿತ್ತಾಳೆ ತಟ್ಟೆಗಳನ್ನು ತಂದರು. ಯಾವುದು ಯಾರದೆಂದು ತಟ್ಟೆಯ ತಳದಲ್ಲಿ ಚೀಟಿ ಅಂಟಿಸಿತ್ತು. ಮಂಗಳಮ್ಮನ ಕಣ್ಣಿಗೆ ಮಡಿಕೆ ಮಡಿಕೆಯಾಗಿ ಪಂಚೆ ಕಟ್ಟಿದರು. ಚೆಲುವಯ್ಯ ತಾವೇ ಎದ್ದು ಬಂದು ಗಂಟನ್ನು ಎಳೆದು ನೋಡಿ, ತಟ್ಟೆಗಳನ್ನು ಮೂರು ಬಾರಿ ಅದಲು ಬದಲು ಮಾಡಿಸಿ ಹೋಗಿ ಕೂತರು.

ಸದಾಶಿವಯ್ಯ ಕಂಬಕ್ಕೆ ಒರಗಿಕೊಂಡು ನಿಂತರು. ಊರಿಗೆ ಊರೇ ಆ ಮೂಗನ್ನು ನೋಡುತ್ತಿತ್ತು. ಅದರಲ್ಲಿ ಒಂದು ಸಾಸಿವೆ ಕಾಳೂ ಹಾಯದು ಎಂಬ ಸತ್ಯ ಆ ಹಜಾರದಲ್ಲಿ ಅವಳಿಗೂ ಅವರಿಗೂ ಜವರಯ್ಯನಿಗೂ ಬಿಟ್ಟರೆ ಇನ್ನಾರಿಗೂ ತಿಳಿಯದು. ಮೂರರಲ್ಲಿ ಒಂದು. ಕಣ್ಣು ಮುಚ್ಚಿ ಆರಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗಬಹುದು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮೂರರಲ್ಲಿ ಎರಡು ಸಲ ಆಗದು ಎಂದು ಅದೇ ಬುದ್ಧಿ ಹೇಳಿತು.

ಮೊದಲ ತಟ್ಟೆ. ಮಂಗಳಮ್ಮ ಒಂದು ಚಕ್ಕೆ ಎತ್ತಿದಳು, ಮೂಗಿಗೆ ಹಿಡಿದಳು, ಬೆರಳುಗಳಲ್ಲಿ ಅತ್ತ ಇತ್ತ ಹೊರಳಿಸಿದಳು, ಇಟ್ಟಳು. ಇನ್ನೊಂದು ಎತ್ತಿದಳು, ಇಟ್ಟಳು. ಎರಡನೆಯ ತಟ್ಟೆ. ಅಲ್ಲೂ ಹಾಗೆಯೇ. ಹಜಾರದಲ್ಲಿ ಕೂಸೊಂದು ಅತ್ತಿತು, ಹತ್ತು ಜನ ಅದಕ್ಕೆ "ಶ್" ಎಂದರು. ಮೂರನೆಯ ತಟ್ಟೆಗೆ ಕೈ ಹಾಕಿ ಒಂದು ಚಕ್ಕೆ ಎತ್ತಿ, ಬಿಟ್ಟಳು. ಮತ್ತೊಂದು ಎತ್ತಿದಳು. ಕೈ ನಿಂತಿತು. ಚಕ್ಕೆಯನ್ನು ನಿಧಾನವಾಗಿ ಮೂಗಿನ ಬಳಿಗೆ ತಂದು ಒಮ್ಮೆ ಎಳೆದಳು ನೋಡಿ, ಆ ಸದ್ದಿಗೆ ಛತ್ರದ ಅಡಿಗೆಯವನು ಹೊರಗೆ ಬಂದ. ಮರುಗಳಿಗೆ ಎರಡು ಕೈಯಲ್ಲೂ ಹಿಡಿದು ಚಕ್ಕೆಯನ್ನು ಲಟಕ್ಕನೆ ಮುರಿದು ತಟ್ಟೆಯೊಳಕ್ಕೆ ಎಸೆದಳು.

"ಇದೇಯ. ಎತ್ಕೊಂಡೋಗಿ."

ಪುಟ್ಟಸ್ವಾಮಿ ತಟ್ಟೆಯ ತಳ ತಿರುಗಿಸಿದರು. ಚೀಟಿಯನ್ನು ಎರಡು ಸಲ ಓದಿಕೊಂಡರು. "ಚೆಲುವಯ್ಯನವರದು!"

ಹಜಾರ ಸಿಡಿಯಿತು. ಟಾಂಗಾದವರು ಚಾಟಿ ಬೀಸಿ ಚಟಾರನೆ ಹೊಡೆದರು, ಜವರಯ್ಯ ಕಿವಿಯ ಮೇಲಿನ ಬೀಡಿಯನ್ನು ತೆಗೆದು ಸಂತೋಷಕ್ಕೆ ಯಾರಿಗೋ ದಾನ ಮಾಡಿದ. ಚೆಲುವಯ್ಯ ಎದ್ದು ನಿಂತು, "ಆರಿಸಿದ ಮಾತ್ರಕ್ಕೆ ಕಳ್ಳಮಾಲು ಅಂತೇನು? ಪಂಡಿತರ ರುಜು ಇದೆ!" ಎಂದು ಕೂಗಿದರು.

ಆಗ ಚನ್ನಬಸವಯ್ಯ ಪಂಡಿತರು ಜಗಲಿಯಿಂದ ಇಳಿದರು. ಮುರಿದ ತುಂಡೊಂದನ್ನು ಎತ್ತಿ ನೋಡಿದರು. ಹೊರಗೆ ಎಣ್ಣೆಯ ಕಂದು, ಒಳಗೆ ಮೂಲಂಗಿಯ ಬಿಳುಪು. ಮೂಸಿದರು. ಕಣ್ಣು ಕಿರಿದಾಯಿತು. ತಮ್ಮದೇ ಪೆಟ್ಟಿಗೆಯ ಚಕ್ಕೆಯನ್ನು ತಮ್ಮ ಕೈಯಾರೆ ಮುರಿದರು. ಒಳಗೂ ಹೊರಗೂ ಒಂದೇ ಹೊಂಬಣ್ಣ, ಘಮ್ಮೆಂದು ಹಜಾರದ ತುದಿಯ ತನಕ ಹೋಯಿತು. ಚೆಲುವಯ್ಯನವರ ತಟ್ಟೆಯಿಂದ ಇನ್ನೆರಡು ತರಿಸಿ ಸೀಳಿಸಿದರು. ಎರಡೂ ಮೂಲಂಗಿ.

"ನಾನು ಮೇಲೆ ಬಳಿದಿದ್ದ ದೇವದಾರೆಣ್ಣೆ ನೋಡಿ ರುಜು ಹಾಕಿದೆ," ಎಂದರು ಪಂಡಿತರು, ಎಲ್ಲರಿಗೂ ಕೇಳುವಂತೆ. "ಮರ ನೋಡಲಿಲ್ಲ." ಚೆಲುವಯ್ಯನವರ ಕೈಯಿಂದ ತಮ್ಮ ಬರಹವನ್ನು ಈಸಿಕೊಂಡು ನಾಲ್ಕು ಚೂರು ಮಾಡಿದರು. ಪಂಚೆಯ ಗಂಟನ್ನು ತಾವೇ ಬಿಚ್ಚಿ, "ತಾಯಿ, ಇನ್ನು ಮೇಲೆ ನನ್ನ ಪೆಟ್ಟಿಗೆಗೂ ನೀವು ಮೂಸಿದ್ದೇ ಬರಲಿ," ಎಂದು ಕೈಮುಗಿದರು. ನಾಡಿ ಹಿಡಿಯುವ ಕೈಗಳು ಕುಟ್ಟುವ ಹೆಂಗಸಿಗೆ ಮುಗಿದದ್ದನ್ನು ಕಂಡು ಮುಂದಿನ ಸಾಲಿನ ಮುದುಕಿಯರು ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಚೆಲುವಯ್ಯನವರ ಕೋಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೊಂಬಾಯಿಯ ಏಜೆಂಟು ತಮ್ಮನ್ನು ಮುಳುಗಿಸಿದನೆಂದೂ, ತಮಗೇನೂ ತಿಳಿಯದೆಂದೂ, ಬೇಕಾದರೆ ಮಕ್ಕಳ ಆಣೆ ಇಡುವೆನೆಂದೂ ಹೇಳಿದರು. "ಆಣೆ ಬ್ಯಾಡಿ, ಚೀಲ ಎತ್ತಿ ಸಾಕು," ಎಂದಳು ಮಂಗಳಮ್ಮ. ಮಧ್ಯಾಹ್ನದೊಳಗೆ ಆರೂ ಅಂಗಡಿಗಳಿಂದ ಚೀಲಗಳು ಹೊರಬಿದ್ದವು. ಅವನ್ನು ವಾಪಸು ತೆಗೆದುಕೊಂಡು ಇಟ್ಟುಕೊಳ್ಳುವ ಮುಖವಿಲ್ಲದೆ ಚೆಲುವಯ್ಯ ಛತ್ರಕ್ಕೇ ದಾನ ಕೊಟ್ಟರು. ಆ ತಿಂಗಳು ಛತ್ರದಲ್ಲಿ ಇಳಿದ ಯಾತ್ರಿಕರಿಗೆಲ್ಲ ಬಿಸಿನೀರಿನ ಸ್ನಾನ ಧಾರಾಳವಾಗಿ ನಡೆಯಿತು.

ಇನ್ನು ಮಂಗಳಮ್ಮನ ಮೆರವಣಿಗೆ. ದಸರೆಗೆ ಇನ್ನೂ ಮೂರು ತಿಂಗಳಿತ್ತು, ಆದರೆ ಜನ ಕಾಯಲಿಲ್ಲ. ಹೂವಿನವರು ಮಾರು ಮಾರು ಮಲ್ಲಿಗೆ ಹಾಕಿದರು. ನೆನ್ನೆಯದೋ ಇವತ್ತಿನದೋ ಅವಳು ಹೇಳಲಿಲ್ಲ. ಕಜ್ಜಿ ವಾಸಿಯಾಗಿ ವರ್ಷಗಳಾದ ಜವರಯ್ಯನ ಕುದುರೆ, ಪಟ್ಟದ ಕುದುರೆಯೇ ತಾನೆಂಬಂತೆ ಕತ್ತು ಕೊಂಕಿಸಿ ನಡೆಯಿತು. ಅದರ ಹಿಂದೆ ಹದಿನೇಳು ಟಾಂಗಾಗಳು. ಸಯ್ಯಾಜಿ ರಾವ್ ರಸ್ತೆಯಲ್ಲಿ ಕಾಫಿ ಕ್ಲಬ್ಬಿನವನು ಬೀದಿಗೇ ಬಂದು ಲೋಟ ಕೊಟ್ಟ. ಅವಳು ಅಭ್ಯಾಸಬಲದಿಂದ ಮೂಸಿದಳು. ಕಾಫಿಯವನು ಕೈಮುಗಿದು, "ಚಿಕೋರಿ ಸ್ವಲ್ಪವೇ ತಾಯಿ, ನಾಳೆಯಿಂದ ಅದೂ ಇಲ್ಲ," ಎಂದು ಕೇಳದೆಯೇ ಒಪ್ಪಿಕೊಂಡ. ಅಂದು ಮೈಸೂರಿನಲ್ಲಿ ಎಷ್ಟು ಹಾಲಿನವರು, ತುಪ್ಪದವರು, ಎಣ್ಣೆಯವರು ಹೀಗೆ ಸ್ವಂತ ಖುಷಿಯಿಂದ ಸಾಧುಗಳಾದರೋ ಲೆಕ್ಕವಿಟ್ಟವರಿಲ್ಲ.

ಸಂಜೆ ಐದಕ್ಕೆ ಗದ್ದಲ ಕರಗಿತು. ಅಂಗಡಿಯ ಹಿಂದಿನ ಅಂಗಳದಲ್ಲಿ ಮಂಗಳಮ್ಮ ಹಾರಗಳನ್ನು ಒರಳಿನ ಮೇಲೆ ಗುಡ್ಡೆ ಹಾಕಿ, ಕಾಲು ಚಾಚಿ ಕೂತು ಮೂಗು ಸೀಟಿಕೊಳ್ಳುತ್ತಿದ್ದಳು. ಸದಾಶಿವಯ್ಯ ಬಾಗಿಲ ಸಂದಿಯಿಂದ ಎರಡು ಸಲ ಇಣುಕಿದರು, ಮೂರನೆಯ ಸಲ ಬಂದೇಬಿಟ್ಟರು. ಬೆಳಿಗ್ಗೆಯಿಂದ ಅವರ ತಲೆಯಲ್ಲಿ ಒಂದೇ ಯೋಚನೆ ಕುದಿಯುತ್ತಿತ್ತು. ಕರ್ಪೂರ ತಿಳಿಯದ ಮೂಗಿಗೆ ದೇವದಾರು ತಿಳಿದದ್ದು ಹೇಗೆ? ಆ ಗಳಿಗೆಗೆ ಸರಿಯಾಗಿ ತಾಯಿ ಚಾಮುಂಡಿಯೇ ಇಳಿದು ಬಂದು ಮೂಗು ಬಿಡಿಸಿರಬೇಕೆಂದು ಅವರು ತೀರ್ಮಾನಿಸಿ, ಮುಂದಿನ ಶುಕ್ರವಾರಕ್ಕೆ ನೂರೊಂದು ತೆಂಗಿನಕಾಯಿಯ ಹರಕೆಯನ್ನೂ ಮನಸ್ಸಿನಲ್ಲೇ ಹೊತ್ತಾಗಿತ್ತು. ಒಂದು ಸಾಕ್ಷಿ ಮಾತ್ರ ಬಾಕಿ.

ಅವರು ಟವಲು ನಡುವಿಗೆ ಕಟ್ಟಿಕೊಂಡು, ಗರ್ಭಗುಡಿಯ ಮುಂದೆ ನಿಂತವರಂತೆ ಕೈ ಕಟ್ಟಿ ಕೇಳಿದರು: "ಮಂಗಳಮ್ಮ, ನಿಜ ಹೇಳಮ್ಮ. ಅಲ್ಲಿ, ಆ ಮೂರನೇ ತಟ್ಟೆ ಹತ್ರ... ನಿನ್ನ ಮೂಗಿಗೆ ಆಗ ಏನಾಯ್ತು?"

ಮಂಗಳಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

"ಮೂಗಿಗೇನಾಗ್ತದೆ ಯಜಬಾಡ್ರೇ, ಬೆಳಿಗ್ಗೆಯಿಂದ ಕಟ್ಕೊಂಡೇ ಅದೆ. ಆ ಚಕ್ಕೇಲಿ ಮೊಳೆ ಹೊಡ್ದಿದ್ದ ತೂತಿತ್ತು, ಬೆರಳಿಗೆ ಸಿಕ್ತು. ಮರಕ್ಕೆ ಮೊಳೆ ಹೊಡೆದು ಬೆಳೆಸ್ತಾರಾ? ಯಾವ್ದೋ ಸಾಮಾನು ತುಂಬಿದ್ದ ಪೆಟ್ಗೆ ಹಲ್ಗೆ ಅದು, ಅಷ್ಟೇಯ."